ಕೀಲಿಕೈ ಕೆಳಗಿಟ್ಟ ಮೇಲೆ

2013ರ ಮಾರ್ಚ್ 3 ಮತ್ತು ಮಾರ್ಚ್ 10. ಆ ಎರಡು ಭಾನುವಾರ ಲೋಕದ ಎಲ್ಲ ಕಥೋಲಿಕ ದೇವಾಲಯಗಳಂತೆ ವಿಜಯಪುರದಲ್ಲೂ ಬಲಿಪೂಜೆಯ ಪ್ರಾರ್ಥನೆಯಲ್ಲಿ ಒಂದು ಹೆಸರು ಕೇಳಿಸುವಂತಿರಲಿಲ್ಲ. ಪೀಠದ ಮೇಲೆ ರೊಟ್ಟಿ, ದ್ರಾಕ್ಷಾರಸ ಇಟ್ಟು ಗುರುಗಳು ಮಾಡುವ ದೀರ್ಘ ಪ್ರಾರ್ಥನೆಯ ನಡುವೆ ಮೊದಲು ಜಗದ್ಗುರು ಪೋಪ್ ಅವರ ಹೆಸರು ಬರುತ್ತದೆ, ಅದರ ಬೆನ್ನಿಗೇ ಆಯಾ ಧರ್ಮಾಧ್ಯಕ್ಷರ ಹೆಸರು. ರೋಮಿನ ಪೀಠ ಖಾಲಿ ಇದ್ದರೆ ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಹೇಳಬೇಕೆಂಬುದು ನಿಯಮ. ಅಲ್ಲಿಯವರೆಗೆ ಆರು ಶತಮಾನ ಕಾಲ ಆ ಹೆಸರು ತಪ್ಪಿಹೋಗುತ್ತಿದ್ದುದಕ್ಕೆ ಒಂದೇ ಕಾರಣ ಇತ್ತು: ಸಾವು. ಹೆಸರು ಕೇಳಿಸದಿದ್ದರೆ ಜನ ಸತ್ತವರ ಆತ್ಮಕ್ಕೆ ಶಾಂತಿ ಕೋರುತ್ತಿದ್ದರು. 2013ರಲ್ಲಿ ಮಾತ್ರ ಆ ಹೆಸರಿನವರು ಜೀವಂತವಾಗಿದ್ದರು. ರೋಮಿನಾಚೆ ಕಾಸ್ಟೆಲ್ ಗಂಡೋಲ್ಫೊದ ಬೇಸಿಗೆ ಅರಮನೆಯಲ್ಲಿ ಕುಳಿತು, ತಮ್ಮ ಹೆಸರಿಲ್ಲದ ಪೂಜೆಯನ್ನು ಅವರೇ ಅರ್ಪಿಸುತ್ತಿದ್ದರು.

ಅವರು 16ನೇ ಬೆನೆಡಿಕ್ಟ್. ಹುಟ್ಟು ಹೆಸರು ಜೋಸೆಫ್ ರಾಟ್ಸಿಂಗರ್, ಜರ್ಮನಿಯ ಬವೇರಿಯಾದವರು. ಅವರಿಗೂ ವಿಜಯಪುರಕ್ಕೂ ಏನು ನಂಟು ಎಂದು ಯಾರಾದರೂ ಕೇಳಿದರೆ ಉತ್ತರ ಇದೆ. ವಿಜಯಪುರ ಜಿಲ್ಲೆ ಸೇರಿರುವ ಕಲಬುರಗಿ ಧರ್ಮಕ್ಷೇತ್ರವನ್ನು ಸ್ಥಾಪಿಸಿದವರೇ ಅವರು. 2005ರ ಏಪ್ರಿಲ್ 19ರಂದು ಅವರು ಪೋಪ್ ಆಗಿ ಆಯ್ಕೆಯಾದರು. ಎರಡು ತಿಂಗಳು ಕಳೆದು ಜೂನ್ 24ರಂದು ಕಲಬುರಗಿ ಹೊಸ ಧರ್ಮಕ್ಷೇತ್ರವಾಯಿತು. ಮಂಗಳೂರು ಕಡೆಯ ರಾಬರ್ಟ್ ಮೈಕೆಲ್ ಮಿರಾಂದ ಅದರ ಮೊದಲ ಧರ್ಮಾಧ್ಯಕ್ಷರಾಗಿ ನೇಮಕಗೊಂಡರು. ಹಾಗಾಗಿ ಈ ಭಾಗದ ಕಥೋಲಿಕರಿಗೆ ಬೆನೆಡಿಕ್ಟ್ ಬರೀ ಗೋಡೆಯ ಮೇಲಿನ ಚಿತ್ರವಾಗಿರಲಿಲ್ಲ. ನಿಮಗೊಬ್ಬ ಕುರುಬ ಬೇಕು ಎಂದು ಕಳಿಸಿಕೊಟ್ಟವರೇ ಎಂಟು ವರ್ಷ ತುಂಬುವ ಮೊದಲು ತಮ್ಮ ಕೋಲನ್ನು ಕೆಳಗಿಟ್ಟರು.

ಇಲ್ಲಿನ ಕಥೋಲಿಕರು ಎಷ್ಟು ಜನ ಎಂಬುದನ್ನೂ ಹೇಳಿಬಿಡಬೇಕು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 21.77 ಲಕ್ಷ; ಅದರಲ್ಲಿ ಎಲ್ಲ ಪಂಗಡಗಳ ಕ್ರೈಸ್ತರು ಸೇರಿದರೂ ಶೇ 1ಕ್ಕಿಂತ ಬಹಳ ಕಡಿಮೆ. ನಗರದಲ್ಲಿ ಕ್ರೈಸ್ತರೆಂದರೆ ಹಳಬರಿಗೆ ಮೊದಲು ನೆನಪಾಗುವುದು 1885ರಲ್ಲಿ ಇಲ್ಲಿ ನೆಲೆಯೂರಿದ ಬಾಸೆಲ್ ಮಿಷನ್. ಅದು ಪ್ರೊಟೆಸ್ಟೆಂಟರದು, ಅವರಿಗೆ ಪೋಪ್ ಇಲ್ಲ. ಟಿಕೋಟಾ, ಬಬಲೇಶ್ವರದ ಹಳ್ಳಿಗಳಲ್ಲಿ ಪೋಪ್ ಎಂಬುದು ಪತ್ರಿಕೆಯಲ್ಲಿ, ಟೀವಿಯಲ್ಲಿ ಬಂದುಹೋಗುವ ಸುದ್ದಿ. 2013ರ ಫೆಬ್ರುವರಿ ಆ ಊರುಗಳಲ್ಲಿ ದ್ರಾಕ್ಷಿ ಕೊಯ್ಲಿನ ಹಂಗಾಮು. ಆದರೂ ಪೋಪ್ ಪೀಠ ಬಿಟ್ಟ ಆ ಸುದ್ದಿ ಎತ್ತಿದ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಪೀಠ ದೊಡ್ಡದೋ, ಪೀಠದಲ್ಲಿ ಕೂತವರು ದೊಡ್ಡವರೋ? ಬಿಟ್ಟು ಹೋಗುವುದು ಯಾವಾಗ ತ್ಯಾಗ, ಯಾವಾಗ ಹೊಣೆಗೇಡಿತನ? ಮಠ, ಆಶ್ರಮ, ದರ್ಗಾಗಳ ನಡುವೆ ಬೆಳೆದ ಜನ ಇದನ್ನು ತಲೆಮಾರುಗಳಿಂದ ಕಟ್ಟೆಯ ಮೇಲೆ ಕೂತು ಚರ್ಚಿಸುತ್ತ ಬಂದಿದ್ದಾರೆ.

ಮೊದಲು ನಡೆದದ್ದೇನು ನೋಡೋಣ. 2013ರ ಫೆಬ್ರುವರಿ 11, ಸೋಮವಾರ, ಲೂರ್ದು ಮಾತೆಯ ಹಬ್ಬದ ದಿನ. ಒಟ್ರಾಂಟೊದ ಹುತಾತ್ಮರು ಮೊದಲಾದವರಿಗೆ ಸಂತ ಪದವಿ ಕೊಡುವ ದಿನ ಗೊತ್ತುಮಾಡಲು ವ್ಯಾಟಿಕನ್ನಿನಲ್ಲಿದ್ದ ಕಾರ್ಡಿನಲ್‌ಗಳು ಸೇರಿದ್ದರು. ಆ ಕೆಲಸ ಮುಗಿದ ಮೇಲೆ ಬೆನೆಡಿಕ್ಟ್ ಒಂದು ಹಾಳೆ ತೆಗೆದು ಲ್ಯಾಟಿನ್ನಿನಲ್ಲಿ ಮೆಲುದನಿಯಲ್ಲಿ ಓದಿದರು. ಇಟಲಿಯ ಅನ್ಸಾ ಸುದ್ದಿಸಂಸ್ಥೆಯ ವರದಿಗಾರ್ತಿ ಜೊವಾನ್ನ ಕಿರ್ರಿ ಅವರಿಗೆ ಲ್ಯಾಟಿನ್ ತಿಳಿಯುತ್ತಿತ್ತು. ಸುದ್ದಿ ಜಗತ್ತಿಗೆ ಮೊದಲು ತಲುಪಿದ್ದು ಅವರಿಂದ. ವಯಸ್ಸಿನಿಂದಾಗಿ ದೇಹದ, ಮನಸ್ಸಿನ ಬಲ ಕುಂದಿದೆ, ಈ ಸೇವೆಯನ್ನು ತಕ್ಕಂತೆ ನಡೆಸಲು ಆಗುತ್ತಿಲ್ಲ, ಫೆಬ್ರುವರಿ 28ರ ರಾತ್ರಿ 8 ಗಂಟೆಯಿಂದ ಪೀಠ ಖಾಲಿ ಎಂಬುದು ಆ ಹಾಳೆಯ ಸಾರ. ಎರಡು ದಿನ ಬಿಟ್ಟರೆ ವಿಭೂತಿ ಬುಧವಾರ, ತಪಸ್ಸು ಕಾಲದ ಆರಂಭ. ಹಣೆಗೆ ಬೂದಿ ಹಚ್ಚಿಸಿಕೊಳ್ಳಲು ಸಾಲಿನಲ್ಲಿ ನಿಂತ ಜನ ಆ ವರ್ಷ ಈ ಸುದ್ದಿಯನ್ನೂ ಹೊತ್ತು ನಿಂತರು. ಕೊನೆಗೆ ಆ ಗಳಿಗೆ ಬಂದಾಗ ಭಾರತದಲ್ಲಿ ಮಾರ್ಚ್ 1ರ ನಡುರಾತ್ರಿ 12.30.

ಪೋಪ್ ಹೀಗೆ ಇಳಿಯಲು ಕಾನೂನಿನಲ್ಲಿ ಅವಕಾಶವಿದೆ. ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 332ನೇ ಕ್ಯಾನನ್ನಿನ ಎರಡನೇ ಭಾಗ ಎರಡೇ ಷರತ್ತು ಹಾಕುತ್ತದೆ. ರಾಜೀನಾಮೆ ಸ್ವಂತ ಇಚ್ಛೆಯದಾಗಿರಬೇಕು. ಎಲ್ಲರಿಗೂ ತಿಳಿಯುವಂತೆ ಸರಿಯಾಗಿ ಪ್ರಕಟವಾಗಬೇಕು. ಯಾರೂ ಅದನ್ನು ಅಂಗೀಕರಿಸಬೇಕಾಗಿಲ್ಲ. ನಮ್ಮ ರಾಷ್ಟ್ರಪತಿಗಳೂ ರಾಜೀನಾಮೆ ಕೊಡುವುದಾದರೆ ಉಪರಾಷ್ಟ್ರಪತಿಗಳ ಹೆಸರಿಗೆ ಪತ್ರ ಬರೆಯಬೇಕು. ಪೋಪ್ ಅವರಿಗೆ ಪತ್ರ ಕೊಡಲು ಭೂಮಿಯ ಮೇಲೆ ಯಾರೂ ಇಲ್ಲ. ಈ ಒಂಟಿತನವನ್ನು ನೆನೆಯದೆ ಆ ನಿರ್ಧಾರದ ಭಾರ ಅರ್ಥವಾಗುವುದಿಲ್ಲ.

ಈ ನಿಯಮಕ್ಕೆ ಬೇರು 1294ರಲ್ಲಿ. ಪಿಯೆತ್ರೊ ದ ಮೊರ್ರೊನೆ ಎಂಬ ಬೆಟ್ಟದ ತಪಸ್ವಿಯನ್ನು, ಅವರಿಗೆ ಎಂಬತ್ತರ ಆಸುಪಾಸು ವಯಸ್ಸಾಗಿದ್ದಾಗ, ಎರಡು ವರ್ಷ ಪೋಪ್ ಇಲ್ಲದೆ ಬಳಲಿದ ಕಾರ್ಡಿನಲ್‌ಗಳು ಆರಿಸಿದರು. ಐದನೇ ಸೆಲೆಸ್ಟಿನ್ ಎಂಬ ಹೆಸರು ಹೊತ್ತ ಆ ಮುದುಕರಿಗೆ ಆಡಳಿತ ಒಗ್ಗಲಿಲ್ಲ. ಪೋಪ್ ರಾಜೀನಾಮೆ ಕೊಡಬಹುದು ಎಂದು ತಾವೇ ವಿಧಿಸಿ, ಡಿಸೆಂಬರ್ 13ರಂದು ಪೀಠ ಇಳಿದು ಬೆಟ್ಟಕ್ಕೆ ಮರಳಬೇಕೆಂದಿದ್ದರು. ಉತ್ತರಾಧಿಕಾರಿ ಎಂಟನೇ ಬೊನಿಫೇಸ್ ಬಿಡಲಿಲ್ಲ. ಮಾಜಿ ಪೋಪ್ ಹೊರಗಿದ್ದರೆ ಅವರ ಸುತ್ತ ಎದುರಾಳಿ ಗುಂಪು ಕಟ್ಟಿಕೊಳ್ಳಬಹುದೆಂಬ ಭಯದಿಂದ ಫುಮೋನೆ ಕೋಟೆಯಲ್ಲಿ ಇರಿಸಿದರು. ಅಲ್ಲೇ 1296ರಲ್ಲಿ ಸೆಲೆಸ್ಟಿನ್ ತೀರಿಕೊಂಡರು, 1313ರಲ್ಲಿ ಸಂತರೆನಿಸಿದರು. ಅನಂತರ ಪೀಠ ಬಿಟ್ಟವರಲ್ಲಿ ನೆನಪಿಡಬೇಕಾದವರು 12ನೇ ಗ್ರೆಗೊರಿ. ಮೂವರು ತಾವೇ ಪೋಪ್ ಎಂದು ಹೇಳಿಕೊಳ್ಳುತ್ತಿದ್ದ ಕಾಲದಲ್ಲಿ, ಒಡಕು ಮುಗಿಯಲೆಂದು 1415ರ ಜುಲೈ 4ರಂದು ಅವರು ಹಿಂದೆ ಸರಿದರು. ಅಲ್ಲಿಂದ 2013ರವರೆಗೆ ಯಾರೂ ಇಳಿಯಲಿಲ್ಲ.

2009ರ ಏಪ್ರಿಲ್ 28ರಂದು, ಭೂಕಂಪಕ್ಕೆ ಸಿಕ್ಕ ಲಾಕ್ವಿಲಾ ಪಟ್ಟಣಕ್ಕೆ ಹೋದ ಬೆನೆಡಿಕ್ಟ್ ಅಲ್ಲಿದ್ದ ಸೆಲೆಸ್ಟಿನರ ಸಮಾಧಿಯ ಮೇಲೆ ತಮ್ಮ ಪಾಲಿಯಮ್ ಇಟ್ಟು ಬಂದರು. ಪಾಲಿಯಮ್ ಎಂದರೆ ಉಣ್ಣೆಯ ಪಟ್ಟಿ, ಹೆಗಲ ಮೇಲೆ ಕುರಿ ಹೊತ್ತ ಕುರುಬನ ಗುರುತು. ಆಗ ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಸಂಪ್ರದಾಯನಿಷ್ಠ ಕಥೋಲಿಕರಿಗೆ ಈ ರಾಜೀನಾಮೆ ಕೊಟ್ಟ ನೋವು ಸಣ್ಣದಲ್ಲ. ಅದನ್ನು ಹಟಮಾರಿತನ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಅವರ ವಾದ ಶುರುವಾಗುವುದು ಕಾನೂನಿನಿಂದ ಅಲ್ಲ, ಪ್ರೀತಿಯಿಂದ. ಅವರಿಗೆ ಪೋಪ್ ಅಂದರೆ ತಂದೆ. ತಂದೆಗೆ ವಯಸ್ಸಾಗಬಹುದು, ಮಾತು ತೊದಲಬಹುದು, ಹಾಸಿಗೆ ಹಿಡಿಯಬಹುದು. ತಂದೆತನ ಬಿಡುವುದು ಹೇಗೆ? ಎಂಟು ವರ್ಷದ ಹಿಂದಿನ ಇನ್ನೊಂದು ಚಿತ್ರ ಅವರ ಕಣ್ಣ ಮುಂದಿತ್ತು. 2005ರ ಮಾರ್ಚ್ 27, ಪಾಸ್ಕ ಹಬ್ಬ. ಪಾರ್ಕಿನ್ಸನ್ ಕಾಯಿಲೆಯಿಂದ ಜರ್ಜರಿತರಾದ ಆಗಿನ ಪೋಪ್ ಎರಡನೇ ಜಾನ್ ಪಾಲ್ ಕಿಟಕಿಗೆ ಬಂದು, ಆಶೀರ್ವಾದದ ಮಾತು ಬಾಯಿಗೆ ಬಾರದೆ, ಕೈಯಿಂದ ಶಿಲುಬೆಯ ಗುರುತು ಮಾಡಿ ಒಳಗೆ ಹೋದರು. ಆರು ದಿನದ ಮೇಲೆ ಏಪ್ರಿಲ್ 2ರಂದು ತೀರಿಕೊಂಡರು. ಆ ಬಳಲಿದ ದೇಹವೇ ಅವರ ಕೊನೆಯ ಉಪದೇಶವೆಂದು ಲಕ್ಷಾಂತರ ಭಕ್ತರು ತಿಳಿದರು. ಯೇಸು ಶಿಲುಬೆಯಿಂದ ಇಳಿದು ಬರಲಿಲ್ಲ. ಅವರ ಪ್ರತಿನಿಧಿ ಇಳಿಯಬಹುದೇ? ಬೆನೆಡಿಕ್ಟ್ ಅವರಿಗೂ ಈ ಪ್ರಶ್ನೆ ಗೊತ್ತಿತ್ತು. ಫೆಬ್ರುವರಿ 27ರ ಕೊನೆಯ ಸಾರ್ವಜನಿಕ ಭೇಟಿಯಲ್ಲಿ, ತಾವು ಶಿಲುಬೆಯನ್ನು ತೊರೆಯುತ್ತಿಲ್ಲ, ಅದರ ಬಳಿ ಬೇರೊಂದು ರೀತಿಯಲ್ಲಿ ಉಳಿಯುತ್ತೇನೆ ಎಂಬರ್ಥದ ಮಾತು ಹೇಳಿದರು.

ಸಂಪ್ರದಾಯನಿಷ್ಠರ ಇನ್ನೊಂದು ಭಯ ಮುಂದಿನದನ್ನು ಕುರಿತದ್ದು. ಒಬ್ಬರು ಇಳಿದರೆ ಮುಂದಿನವರಿಗೂ ಇಳಿಯಿರಿ ಎಂಬ ಒತ್ತಡ ಬರುತ್ತದೆ. ಕೆಮ್ಮು ಬಂದರೂ ಪತ್ರಿಕೆಗಳು ದಿನ ಎಣಿಸುತ್ತವೆ. ರೋಮಿನ ಪೀಠ ನಿವೃತ್ತಿ ವಯಸ್ಸಿನ ನೌಕರಿಯಾಗಿಬಿಡುತ್ತದೆ. ಈ ಭಯ ಅರ್ಧ ನಿಜವಾಯಿತು, ಅರ್ಧ ಆಗಲಿಲ್ಲ. ಮೊಣಕಾಲು ನೋವಿನಿಂದ ಗಾಲಿಕುರ್ಚಿ ಹಿಡಿದ, ಬೆನೆಡಿಕ್ಟರ ಉತ್ತರಾಧಿಕಾರಿ ಪೋಪ್ ಫ್ರಾನ್ಸಿಸ್ ರಾಜೀನಾಮೆ ಕೊಡುತ್ತಾರೆ ಎಂಬ ಗುಲ್ಲು ವರ್ಷಗಟ್ಟಲೆ ನಿಲ್ಲಲಿಲ್ಲ. ಪ್ರಜ್ಞೆ ತಪ್ಪಿ ಕೆಲಸ ಮಾಡಲಾಗದಿದ್ದರೆ ಎಂದು 2013ರಲ್ಲೇ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಟ್ಟಿದ್ದಾಗಿ ಅವರೇ 2022ರ ಡಿಸೆಂಬರಿನಲ್ಲಿ ತಿಳಿಸಿದರು. ಆದರೂ ಅವರು 2025ರ ಏಪ್ರಿಲ್ 21ರಂದು, 88ನೇ ವಯಸ್ಸಿನಲ್ಲಿ, ಪೀಠದಲ್ಲಿದ್ದುಕೊಂಡೇ ಕಣ್ಣುಮುಚ್ಚಿದರು. ಒಬ್ಬರು ಇಳಿದದ್ದರಿಂದ ಇಳಿಯುವುದೇ ವಾಡಿಕೆಯಾಗಲಿಲ್ಲ.

ಮತ್ತೊಂದು ಗುಂಪಿನ ದುಃಖದಲ್ಲಿ ಪ್ರಾರ್ಥನೆಯ ಭಾಷೆಯೂ ಸೇರಿಕೊಂಡಿತ್ತು. 2007ರ ಜುಲೈ 7ರಂದು ಬೆನೆಡಿಕ್ಟ್ ಹಳೆಯ ಲ್ಯಾಟಿನ್ ಬಲಿಪೂಜೆಗೆ ಎಲ್ಲ ಗುರುಗಳಿಗೂ ಅನುಮತಿ ಕೊಟ್ಟಿದ್ದರು. ಆ ಪೂಜೆಯನ್ನು ಪ್ರಾಣದಂತೆ ಕಾಪಾಡಿಕೊಂಡವರಿಗೆ ಅವರು ಆಸರೆಯಾಗಿದ್ದರು. 2021ರ ಜುಲೈ 16ರಂದು ಫ್ರಾನ್ಸಿಸ್ ಅದಕ್ಕೆ ಬಿಗಿ ನಿರ್ಬಂಧ ಹಾಕಿದರು. ಕೊಟ್ಟವರು ಅದೇ ವ್ಯಾಟಿಕನ್ನಿನ ಗೋಡೆಯೊಳಗೆ ಬದುಕಿದ್ದಾಗಲೇ ಕೊಟ್ಟದ್ದನ್ನು ಹಿಂದೆ ಪಡೆದದ್ದು ಆ ಜನರಿಗೆ ಎಷ್ಟು ನೋವು ತಂದಿರಬೇಕು! ನನ್ನ ಮಟ್ಟಿಗೆ ಹೇಳುವುದಾದರೆ, ಉತ್ತರ ಕರ್ನಾಟಕದ ಕಥೋಲಿಕರಿಗೆ ನೆಲೆ ಕೊಟ್ಟದ್ದು ಕನ್ನಡದ ಬಲಿಪೂಜೆ. ಎರಡನೇ ವ್ಯಾಟಿಕನ್ ಮಹಾಸಭೆಯ ಬಳಿಕ ದೇವರ ಮಾತು ಮನೆಯ ಮಾತಿನಲ್ಲಿ ಕೇಳಿಸಿದ್ದು ನಮಗೆ ದೊಡ್ಡ ವರ. ಲ್ಯಾಟಿನ್ನಿನ ಹಂಬಲ ನನ್ನದಲ್ಲ. ಆದರೆ ತಾಯಿ ಕಲಿಸಿದ ಜಪವನ್ನು ಮೇಲಿನವರು ಬಂದು ಬದಲಿಸಿದರೆ ಎದೆ ಹೇಗೆ ಕುದಿಯುತ್ತದೆ ಎಂಬುದು ಯಾವ ಭಾಷೆಯ ಭಕ್ತನಿಗೂ ತಿಳಿಯುತ್ತದೆ.

ರಾಜೀನಾಮೆಗೆ ನಿಜವಾದ ಕಾರಣವೇನು ಎಂಬ ಬಗ್ಗೆ ಹತ್ತು ವರ್ಷ ಹತ್ತು ಕತೆ ಹಬ್ಬಿದವು. ವ್ಯಾಟಿಕನ್ನಿನ ಪತ್ರಗಳು ಸೋರಿದ ಹಗರಣ, ಅಲ್ಲಿನ ಬ್ಯಾಂಕಿನ ವ್ಯವಹಾರ, ಒಳಗಿನ ಒತ್ತಡ. ಕೆಲವರು ಇನ್ನೂ ಮುಂದೆ ಹೋಗಿ ರಾಜೀನಾಮೆ ಊರ್ಜಿತವೇ ಅಲ್ಲ, ಬೆನೆಡಿಕ್ಟರೇ ನಿಜವಾದ ಪೋಪ್ ಎಂದರು. ಬೆನೆಡಿಕ್ಟ್ 2014ರಲ್ಲೇ ಪತ್ರ ಬರೆದು, ತಮ್ಮ ರಾಜೀನಾಮೆಯ ಸಿಂಧುತ್ವದಲ್ಲಿ ಕಿಂಚಿತ್ತೂ ಅನುಮಾನವಿಲ್ಲ ಎಂದು ಸ್ಪಷ್ಟಪಡಿಸಿದರು. ಅವರು ತೀರಿಹೋದ ಮೇಲೆ, ಜೀವನಚರಿತ್ರೆ ಬರೆದ ಪೀಟರ್ ಸೀವಾಲ್ಡ್ ಅವರಿಗೆ 2022ರ ಅಕ್ಟೋಬರಿನಲ್ಲಿ ಬರೆದ ಪತ್ರ ಹೊರಬಂತು. ಅದರಲ್ಲಿದ್ದ ಮುಖ್ಯ ಕಾರಣ: ನಿದ್ರಾಹೀನತೆ. 2005ರ ಆಗಸ್ಟಿನಲ್ಲಿ ಕೊಲೋನಿನ ಯುವಜನ ಸಮಾವೇಶದ ಹೊತ್ತಿನಿಂದ ನಿದ್ದೆ ಬಾರದೆ, ಬಲವಾದ ಮಾತ್ರೆ ನುಂಗುತ್ತಾ ಬಂದಿದ್ದರು. 2012ರ ಮಾರ್ಚಿನಲ್ಲಿ ಮೆಕ್ಸಿಕೊ ಪ್ರವಾಸದಲ್ಲಿ ಬೆಳಿಗ್ಗೆ ಎದ್ದಾಗ ಕರವಸ್ತ್ರ ರಕ್ತದಲ್ಲಿ ತೊಯ್ದಿತ್ತು. ರಾತ್ರಿ ಬಚ್ಚಲಮನೆಯಲ್ಲಿ ಎಲ್ಲೋ ಬಡಿದುಕೊಂಡು ಬಿದ್ದಿದ್ದರು. 2013ರ ಜುಲೈನಲ್ಲಿ ಬ್ರೆಜಿಲಿನ ಸಮಾವೇಶಕ್ಕೆ ಹೋಗಲೇಬೇಕಿತ್ತು. ಹೋಗುವ ಶಕ್ತಿ ತಮ್ಮಲ್ಲಿಲ್ಲ ಎಂದು ಅವರಿಗೆ ಖಾತ್ರಿಯಾಯಿತು. ಪಿತೂರಿ ಹುಡುಕಿದವರೆಲ್ಲ ಒಬ್ಬ ಮುದುಕರ ನಿದ್ದೆಗೆಟ್ಟ ರಾತ್ರಿಗಳನ್ನು ನೋಡಲಿಲ್ಲ. ನನಗೆ ಇದು ಆ ಕತೆಯ ಅತ್ಯಂತ ಮಾನವೀಯ ಭಾಗವಾಗಿ ಕಾಣುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ. ಬಬಲೇಶ್ವರದ ಬೃಹನ್ಮಠವಿರಲಿ, ಸುತ್ತಲಿನ ಇತರ ಮಠಗಳಿರಲಿ, ಪೀಠ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಬಗೆ ಈ ಭಾಗದ ಜನಕ್ಕೆ ಬಲ್ಲ ವಿಷಯ. ಸಾಮಾನ್ಯವಾಗಿ ಹಿರಿಯ ಸ್ವಾಮಿಗಳು ತಾವಿರುವಾಗಲೇ ಉತ್ತರಾಧಿಕಾರಿಯನ್ನು ಗುರುತಿಸಿ, ಮರಿ ಮಾಡಿಕೊಂಡು, ಓದಿಸಿ ಬೆಳೆಸುತ್ತಾರೆ. ಪಟ್ಟಾಧಿಕಾರ ಆಗುವಾಗ ಊರೂರಿನ ಭಕ್ತರು ನೆರೆಯುತ್ತಾರೆ. ವಯಸ್ಸಾದ ಗುರುಗಳು ಹೊಣೆ ಒಪ್ಪಿಸಿ ಪೂಜೆಯಲ್ಲಿ ಉಳಿದರೂ ಭಕ್ತರಿಗೆ ಗೊಂದಲವಿಲ್ಲ, ಏಕೆಂದರೆ ಕೊಟ್ಟವರೂ ಪಡೆದವರೂ ಗುರು-ಶಿಷ್ಯರು. ರೋಮಿನಲ್ಲಿ ಹಾಗಿಲ್ಲ. ಪೋಪ್ ತಮ್ಮ ಉತ್ತರಾಧಿಕಾರಿಯನ್ನು ನೇಮಿಸುವಂತಿಲ್ಲ. ಇಳಿದವರಿಗೆ ಮುಂದಿನ ಆಯ್ಕೆಯಲ್ಲಿ ಮತವೂ ಇಲ್ಲ. 80 ದಾಟಿದ ಕಾರ್ಡಿನಲ್‌ಗಳು ಮತ ಹಾಕುವಂತಿಲ್ಲ ಎಂಬ ನಿಯಮ 1970ರಿಂದ ಇದೆ. 2013ರಲ್ಲಿ ಬೆನೆಡಿಕ್ಟರ ವಯಸ್ಸು 85. ಮಾರ್ಚ್ 13ರಂದು 115 ಕಾರ್ಡಿನಲ್‌ಗಳು ಸೇರಿ ಆರಿಸಿದ ಫ್ರಾನ್ಸಿಸ್ ಬೆನೆಡಿಕ್ಟರ ಶಿಷ್ಯರಲ್ಲ, ಬಹಳ ವಿಷಯಗಳಲ್ಲಿ ಅವರಿಗಿಂತ ಬೇರೆಯದೇ ಸ್ವಭಾವದವರು. ಕೊಟ್ಟು ಹೋಗುವವರಿಗೆ ಯಾರ ಕೈಗೆ ಕೊಡುತ್ತಿದ್ದೇನೆ ಎಂಬುದೇ ತಿಳಿದಿರಲಿಲ್ಲ. ಹೀಗೆ ತಿಳಿಯದೆ ಕೊಡುವುದು ಹೆಚ್ಚು ಕಷ್ಟದ್ದು. ಆ ನಿರ್ಧಾರದಲ್ಲಿ ನನಗೆ ಎಲ್ಲಕ್ಕಿಂತ ಹಿರಿದಾಗಿ ಕಂಡದ್ದು ಇದೇ.

ಪೀಠ ಬಿಡುವುದನ್ನು ಕುರಿತು ವಿಜಯಪುರಕ್ಕೆ ಇನ್ನೊಂದು ಹತ್ತಿರದ ನೆನಪಿದೆ. ಬೆನೆಡಿಕ್ಟ್ ತೀರಿಕೊಂಡದ್ದು 2022ರ ಡಿಸೆಂಬರ್ 31ರಂದು. ಅದೇ ಹೊತ್ತಿಗೆ ಇಡೀ ವಿಜಯಪುರ ಜ್ಞಾನಯೋಗಾಶ್ರಮದ ಕಡೆ ಮುಖಮಾಡಿ ಉಸಿರು ಬಿಗಿಹಿಡಿದಿತ್ತು. 2023ರ ಜನವರಿ 2ರ ಸಂಜೆ ಸಿದ್ಧೇಶ್ವರ ಸ್ವಾಮೀಜಿ ಅಗಲಿದರು. ಟಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿದವರು. ಜೇಬಿಲ್ಲದ ಬಿಳಿ ಅಂಗಿ ತೊಟ್ಟು ಊರೂರಿಗೆ ಪ್ರವಚನ ಹೇಳಿದರು. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡವೆಂದು ವಿನಯದಿಂದ ಹಿಂದಿರುಗಿಸಿದರು. 2014ರ ಗುರುಪೂರ್ಣಿಮೆಯಂದೇ ಅವರು ಬರೆದಿಟ್ಟಿದ್ದ ಅಂತಿಮ ಪತ್ರ ಹೊರಬಂತು. ದೇಹವನ್ನು ಮಣ್ಣಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಚಿತಾಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂಬ ಕೋರಿಕೆ ಅದರಲ್ಲಿತ್ತು. ಲಕ್ಷಾಂತರ ಜನ ಕಣ್ಣೀರಿಟ್ಟರು. ಆ ಕೋರಿಕೆಯಂತೆಯೇ ನಡೆದುಕೊಂಡರು. ಜನವರಿ 3ರಂದು ಇಲ್ಲಿ ಅಂತ್ಯಸಂಸ್ಕಾರ. ಜನವರಿ 5ರಂದು ರೋಮಿನಲ್ಲಿ ಫ್ರಾನ್ಸಿಸ್ ತಮ್ಮ ಹಿಂದಿನ ಪೋಪ್ ಅವರ ಅಂತ್ಯಸಂಸ್ಕಾರದ ಪೂಜೆ ನಡೆಸಿದರು.

ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನ ಉದ್ದೇಶವಲ್ಲ. ಒಬ್ಬರು ಆಡಳಿತದ ಪೀಠದಲ್ಲಿ ಕೂತವರು, ಇನ್ನೊಬ್ಬರು ನುಡಿ ಮತ್ತು ನಡೆಯಿಂದಲೇ ಜನರ ಗುರುವಾದವರು. ಆದರೂ ಆ ವಾರ ವಿಜಯಪುರದ ಕಥೋಲಿಕರು ಎರಡು ಕಡೆ ನೋಡುತ್ತಿದ್ದರು. ಹೋಲಿಕೆ ಮನಸ್ಸಿಗೆ ತಾನಾಗಿ ಬರುವಂಥದ್ದು. ಸಿದ್ಧೇಶ್ವರರು ತಾವು ಹೋದ ಮೇಲೆ ತಮ್ಮದೊಂದು ಗುರುತೂ ಉಳಿಯಬಾರದೆಂದು ಎಂಟು ವರ್ಷ ಮೊದಲೇ ಬರೆದಿಟ್ಟರು. ಬೆನೆಡಿಕ್ಟ್ ಪೀಠ ಬಿಟ್ಟರು, ಬಿಳಿ ನಿಲುವಂಗಿ ಬಿಡಲಿಲ್ಲ, ಪೋಪ್ ಆಗಿ ಪಡೆದ ಹೆಸರು ಬಿಡಲಿಲ್ಲ. 'ವಿಶ್ರಾಂತ ಪೋಪ್' ಎಂಬ ಹೊಸ ಬಿರುದಿನೊಂದಿಗೆ 2013ರ ಮೇ 2ರಂದು ವ್ಯಾಟಿಕನ್ನಿಗೇ ಮರಳಿ, ಮಾತೆರ್ ಎಕ್ಲೇಸಿಯೆ ಮಠದಲ್ಲಿ ನೆಲೆಸಿದರು.

ಇಲ್ಲಿ ಸಂಪ್ರದಾಯನಿಷ್ಠರ ಆತಂಕ ಸರಿಯಾದದ್ದೆಂದು ನನಗನಿಸುತ್ತದೆ. ಇಳಿದದ್ದು ತಪ್ಪಲ್ಲ. ಇಳಿದ ಮೇಲೂ ಇಬ್ಬರು ಬಿಳಿಯುಡುಗೆಯವರು ಒಂದೇ ಆವರಣದಲ್ಲಿ ಇದ್ದದ್ದು ಸಾಮಾನ್ಯ ಭಕ್ತರ ಕಣ್ಣಿಗೆ ಗೊಂದಲ ತಂದಿತು. ಮೌನವಾಗಿರುತ್ತೇನೆ ಎಂದವರು ಬಹುಮಟ್ಟಿಗೆ ಮೌನವಾಗಿಯೇ ಇದ್ದರು. ಆದರೂ ಅವರ ಸುತ್ತ ಇದ್ದವರು ಆ ಮೌನವನ್ನು ಬಳಸಿಕೊಳ್ಳಲು ನೋಡಿದರು. 2020ರ ಜನವರಿಯಲ್ಲಿ ಕಾರ್ಡಿನಲ್ ರಾಬರ್ಟ್ ಸಾರಾ ಅವರೊಂದಿಗೆ ಬೆನೆಡಿಕ್ಟ್ ಹೆಸರೂ ಲೇಖಕರ ಜಾಗದಲ್ಲಿದ್ದ ಪುಸ್ತಕವೊಂದು ಬಂತು. ಗುರುಗಳ ಬ್ರಹ್ಮಚರ್ಯದ ಬಗ್ಗೆ ಫ್ರಾನ್ಸಿಸ್ ತೀರ್ಮಾನ ಕೈಗೊಳ್ಳಬೇಕಿದ್ದ ಹೊತ್ತಿಗೇ ಬಂತು. ವಿವಾದವೆದ್ದು, ಸಹಲೇಖಕರಾಗಿ ತಮ್ಮ ಹೆಸರು ತೆಗೆಯಬೇಕೆಂದು ಬೆನೆಡಿಕ್ಟರ ಕಡೆಯಿಂದಲೇ ಕೋರಿಕೆ ಹೋಯಿತು. ಏಳು ಶತಮಾನದ ಹಿಂದೆ ಬೊನಿಫೇಸ್ ಹೆದರಿದ್ದು ಇಂಥದ್ದಕ್ಕೇ. ಅವರು ಮಾಡಿದ ಸೆರೆವಾಸ ಕ್ರೂರ. ಅವರ ಭಯ ಮಾತ್ರ ಸುಳ್ಳಲ್ಲ.

ಹಿಂದಿನವರು ಬದುಕಿರುವಾಗಲೇ ಮುಂದಿನವರು ಬಂದ ಕತೆ ಈ ನಗರದ ಹೆಸರಿಗೇ ಅಂಟಿಕೊಂಡಿದೆ ಎಂಬುದು ವಿಜಯಪುರದ ಎಷ್ಟು ಜನಕ್ಕೆ ಗೊತ್ತೋ ಕಾಣೆ. ರೋಮ್ ಮತ್ತು ಬಿಜಾಪುರದ, ಅಂದರೆ ಇಂದಿನ ವಿಜಯಪುರದ, ನಂಟು ಬಹಳ ಹಳೆಯದು. 1561ರಲ್ಲಿ ಒಂದನೇ ಅಲಿ ಆದಿಲ್‌ಶಾ ಕರೆಸಿಕೊಂಡದ್ದರಿಂದ ಗೋವಾದ ಪಾದ್ರಿಗಳು ಆಸ್ಥಾನಕ್ಕೆ ಬಂದು ಹೋಗಿದ್ದರು. ಅವರಲ್ಲಿ ಯೇಸು ಸಭೆಯ ಗೊನ್ಸಾಲೊ ರೊಡ್ರಿಗ್ಸ್ ಇದ್ದರು. ಮುಂದಿನ ಶತಮಾನದಲ್ಲಿ ಮತೆಯುಸ್ ದೆ ಕಾಸ್ತ್ರೊ ಬಂದರು. ಗೋವಾದ ದಿವಾರ್ ದ್ವೀಪದ ಬ್ರಾಹ್ಮಣ ಮೂಲದ ಕಥೋಲಿಕ. ಗೋವಾದಲ್ಲಿ ಗುರುದೀಕ್ಷೆ ಸಿಗದೆ ರೋಮಿಗೆ ಹೋಗಿ, ಅಲ್ಲಿ ಓದಿ ಗುರುಗಳಾದರು. 1622ರಲ್ಲಿ ಸ್ಥಾಪನೆಯಾಗಿದ್ದ ಪ್ರಪಗಾಂದ ಫಿದೆ ಎಂಬ ವ್ಯಾಟಿಕನ್ ಕಚೇರಿಗೆ ಸ್ಥಳೀಯ ಗುರುಗಳು ಬೇಕಾಗಿದ್ದರು. 1637ರಲ್ಲಿ ಕಾಸ್ತ್ರೊ ಅವರನ್ನು ಧರ್ಮಾಧ್ಯಕ್ಷರನ್ನಾಗಿ ಅಭಿಷೇಕಿಸಿ 'ಇದಲ್ಕಾನ್' ಸೀಮೆಗೆ, ಅಂದರೆ ಆದಿಲ್ ಖಾನರ ಬಿಜಾಪುರ ರಾಜ್ಯಕ್ಕೆ, ಪೋಪ್ ಅವರ ನೇರ ಪ್ರತಿನಿಧಿಯಾಗಿ ಕಳಿಸಿದರು. ಲ್ಯಾಟಿನ್ ವಿಧಿಯಲ್ಲಿ ಧರ್ಮಾಧ್ಯಕ್ಷರಾದ ಮೊದಲ ಭಾರತೀಯರು ಅವರೇ. ರೋಮಿನಲ್ಲಿ ಸಂತ ಪೇತ್ರರ ಮಹಾದೇವಾಲಯ ಪ್ರತಿಷ್ಠೆಯಾಗಿ ಆಗ ಹನ್ನೊಂದು ವರ್ಷ. ಇಲ್ಲಿ ಮುಹಮ್ಮದ್ ಆದಿಲ್‌ಶಾ ಆಳ್ವಿಕೆ, ಗೋಳಗುಮ್ಮಟ ಎದ್ದು ನಿಲ್ಲುತ್ತಿದ್ದ ಕಾಲ.

ಪೋರ್ಚುಗೀಸರು ಈ ನೇಮಕವನ್ನು ಸಹಿಸಲಿಲ್ಲ. ಪೂರ್ವದೇಶಗಳ ಧರ್ಮಾಡಳಿತ ತಮ್ಮ ದೊರೆಗೆ ಪೋಪ್ ಬರೆದುಕೊಟ್ಟ ಹಕ್ಕು ಎಂಬುದು ಅವರ ಪಟ್ಟು. ಕಾಸ್ತ್ರೊ ಗೋವಾದ ಅಂಚಿನಲ್ಲಿ, ಆಗ ಬಿಜಾಪುರದ ಆಡಳಿತದಲ್ಲಿದ್ದ ಡಿಚೋಲಿಯಲ್ಲಿ ನೆಲೆ ಮಾಡಿಕೊಂಡರು. ಗೋವಾದ ಅಧಿಕಾರಿಗಳು ಅವರನ್ನು ರಾಜದ್ರೋಹಿ ಎಂದರು, ಸುಲ್ತಾನನನ್ನು ತಮ್ಮ ಮೇಲೆ ಎತ್ತಿಕಟ್ಟುತ್ತಾರೆ ಎಂದು ದೂರಿದರು. ಜಗಳ ಮುಗಿಯದೆ 1658ರಲ್ಲಿ ರೋಮ್ ಅವರನ್ನು ವಾಪಸು ಕರೆಸಿಕೊಂಡಿತು. ಮತ್ತೆ ಈ ನೆಲಕ್ಕೆ ಬರಲು ಅವರಿಗೆ ಆಗಲೇ ಇಲ್ಲ. 1677ರಲ್ಲಿ ರೋಮಿನಲ್ಲೇ ತೀರಿಕೊಂಡರು. ಅವರು ಬದುಕಿದ್ದಾಗಲೇ, 1669ರಲ್ಲಿ, ಅವರ ಜಾಗಕ್ಕೆ ಇನ್ನೊಬ್ಬ ಗೋವಾದವರು, ಕುಸ್ತೋದಿಯೊ ದೆ ಪಿನ್ಹೊ ಬಂದರು. 1686ರಲ್ಲಿ ಔರಂಗಜೇಬನ ಸೇನೆಗೆ ಬಿಜಾಪುರ ಬಿತ್ತು, ಆದಿಲ್‌ಶಾಹಿ ಮುಗಿಯಿತು. ರಾಜ್ಯ ಹೋದರೂ ಅದರ ಹೆಸರಿನಲ್ಲಿ ಶುರುವಾದ ಧರ್ಮಾಡಳಿತ ಉಳಿಯಿತು. 'ಮಹಾ ಮೊಗಲ' ಸೀಮೆ ಎಂದು ಹಿಗ್ಗಿ, ಮುಂಬೈಗೆ ನೆಲೆ ಬದಲಿಸಿ, ಕಾಲಕ್ರಮದಲ್ಲಿ ಇಂದಿನ ಮುಂಬೈ ಮಹಾಧರ್ಮಕ್ಷೇತ್ರವಾಯಿತು. 2013ರಲ್ಲಿ ಪೋಪ್ ಅವರನ್ನು ಆರಿಸಿದ ಕಾನ್‌ಕ್ಲೇವಿನಲ್ಲಿ ಮತ ಹಾಕಿದ ಐವರು ಭಾರತೀಯ ಕಾರ್ಡಿನಲ್‌ಗಳಲ್ಲಿ ಒಬ್ಬರು ಮುಂಬೈಯ ಆಗಿನ ಮಹಾಧರ್ಮಾಧ್ಯಕ್ಷ ಓಸ್ವಾಲ್ಡ್ ಗ್ರೇಸಿಯಸ್. ಕಾಸ್ತ್ರೊ ಕೂತ ಪೀಠದ ವಾರಸುದಾರರು.

ಕಾಸ್ತ್ರೊ ಬಿಟ್ಟದ್ದು ತಾವಾಗಿ ಅಲ್ಲ. ಬೆನೆಡಿಕ್ಟರಿಗೆ ಸಿಕ್ಕ ಸ್ವಾತಂತ್ರ್ಯ ಅವರಿಗೆ ಸಿಗಲಿಲ್ಲ. ಆದರೂ ಎರಡು ಕಡೆಯೂ ಒಂದು ಮಾತು ನಿಂತಿತು: ಪೀಠ ಅದರಲ್ಲಿ ಕೂತವರ ಸೊತ್ತಲ್ಲ. ಧರ್ಮಸಭೆ ಕೆಳಗಿನ ಹಂತದಲ್ಲಿ ಇದನ್ನು ಬಹಳ ಮೊದಲೇ ಕಲಿತಿತ್ತು. 1966ರಿಂದ ಧರ್ಮಾಧ್ಯಕ್ಷರು 75 ತುಂಬಿದಾಗ ರಾಜೀನಾಮೆ ಸಲ್ಲಿಸಬೇಕು ಎಂಬ ಕ್ರಮ ಜಾರಿಯಲ್ಲಿದೆ, ಅಂಗೀಕರಿಸುವುದು ಪೋಪ್. ಕರ್ನಾಟಕದಲ್ಲಿ ಆ ವಯಸ್ಸಿಗೂ ಮೊದಲೇ ಇಳಿದವರ ಉದಾಹರಣೆ ಇದೆ. ಚಿಕ್ಕಮಗಳೂರಿನ ಮೊದಲ ಧರ್ಮಾಧ್ಯಕ್ಷರಾಗಿದ್ದು, 1986ರಲ್ಲಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದ ಅಲ್ಫೋನ್ಸಸ್ ಮಥಾಯಸ್ 1998ರಲ್ಲಿ, 70 ತುಂಬುವ ಮೊದಲೇ, ಪೀಠದಿಂದ ಹಿಂದೆ ಸರಿದರು. 2024ರ ಜುಲೈನಲ್ಲಿ ತೀರಿಕೊಳ್ಳುವವರೆಗೆ 26 ವರ್ಷ ವಿಶ್ರಾಂತರಾಗಿ ಬದುಕಿದರು. ಆ ಅವಧಿಯಲ್ಲಿ ಬೆಂಗಳೂರಿಗೆ ಮೂವರು ಮಹಾಧರ್ಮಾಧ್ಯಕ್ಷರು ಬಂದರು. ವಿಶ್ರಾಂತ ಮಹಾಧರ್ಮಾಧ್ಯಕ್ಷರಿಂದಾಗಿ ಎರಡು ಪೀಠ ಆದವು ಎಂದು ಯಾರಿಗೂ ಅನಿಸಲಿಲ್ಲ.

ಧರ್ಮಕೇಂದ್ರದ ಮಟ್ಟಕ್ಕೆ ಬಂದರೆ ಬೀಳ್ಕೊಡುಗೆ ನಿತ್ಯದ ಸಂಗತಿ. ಕೆಲವು ವರ್ಷ ಸೇವೆ ಮಾಡಿದ ಫಾದರ್ ಅವರಿಗೆ ವರ್ಗಾವಣೆ ಪತ್ರ ಬರುತ್ತದೆ. ಮಕ್ಕಳಿಗೆ ಸ್ನಾನದೀಕ್ಷೆ ಕೊಟ್ಟವರು, ಮದುವೆ ಮಾಡಿಸಿದವರು, ಮುದುಕರ ಕಡೆಗಾಲದಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಿದವರು. ಶಾಲು ಹೊದಿಸಿ, ಹಾರ ಹಾಕಿ, ಜನ ಅಳುತ್ತಾರೆ. ಮುಂದಿನ ಭಾನುವಾರ ಹೊಸಬರು ಪೂಜೆಗೆ ನಿಲ್ಲುತ್ತಾರೆ. ಹಳಬರು ಹೊಸಬರ ಕೆಲಸದಲ್ಲಿ ಕೈಹಾಕಬಾರದು ಎಂಬ ಮರ್ಯಾದೆಯನ್ನು ಒಳ್ಳೆಯ ಗುರುಗಳೆಲ್ಲ ಪಾಲಿಸುತ್ತಾರೆ. ಹಬ್ಬಕ್ಕೆ ಕರೆದರೆ ಬರುತ್ತಾರೆ, ಊಟ ಮಾಡುತ್ತಾರೆ, ಹೋಗುತ್ತಾರೆ. 'ಹೊಸಬರು ನಿಮ್ಮ ಹಾಗೆ ಮಾಡುತ್ತಿಲ್ಲ, ನೀವಿದ್ದಾಗ ಚೆನ್ನಾಗಿತ್ತು' ಎಂದು ಯಾರಾದರೂ ದೂರು ತಂದರೆ ಮಾತು ಬದಲಿಸುತ್ತಾರೆ. ಕಿರಿಯ ಗುರುಗಳೂ ಕಲಿತಿರುವ ಈ ಶಿಸ್ತಿಗೆ ಅತ್ಯುನ್ನತ ಪೀಠದಲ್ಲಿ ಮಾತ್ರ ಬರೆದಿಟ್ಟ ನಿಯಮ ಇಲ್ಲ.

ಇರುವ ಕೊರತೆ ಇದೇ. ಪೋಪ್ ಇಳಿಯಬಹುದು ಎಂದು ಹೇಳುವ ಕಾನೂನು, ಇಳಿದವರು ಯಾವ ಬಟ್ಟೆ ತೊಡಬೇಕು, ಯಾವ ಹೆಸರಿನಲ್ಲಿ ಕರೆಸಿಕೊಳ್ಳಬೇಕು, ಎಲ್ಲಿ ಇರಬೇಕು, ಏನು ಬರೆದು ಪ್ರಕಟಿಸಬಹುದು ಎಂಬ ಬಗ್ಗೆ ಒಂದಕ್ಷರ ಹೇಳುವುದಿಲ್ಲ. ಬೆನೆಡಿಕ್ಟ್ ಎಲ್ಲವನ್ನೂ ತಾವೇ ತೀರ್ಮಾನಿಸಬೇಕಾಯಿತು. ಅಭ್ಯಾಸವಿಲ್ಲದ ದಾರಿಯಲ್ಲಿ ಮೊದಲು ನಡೆದವರ ಮೇಲೆ ಪೂರ್ತಿ ತಪ್ಪು ಹೊರಿಸುವುದೂ ನ್ಯಾಯವಲ್ಲ. ಫ್ರಾನ್ಸಿಸ್ ಇದನ್ನು ಗಮನಿಸಿದ್ದರು. 2022ರ ಜುಲೈನ ಸಂದರ್ಶನವೊಂದರಲ್ಲಿ, ತಾವೇನಾದರೂ ಇಳಿದರೆ 'ರೋಮಿನ ವಿಶ್ರಾಂತ ಧರ್ಮಾಧ್ಯಕ್ಷ' ಎನಿಸಿಕೊಳ್ಳುತ್ತೇನೆ, ವ್ಯಾಟಿಕನ್ನಿನಲ್ಲಿ ಇರುವುದಿಲ್ಲ ಎಂದಿದ್ದರು. ಅದು ಆಡಿದ ಮಾತಾಗಿ ಉಳಿಯಿತು, ಕಾನೂನಾಗಲಿಲ್ಲ.

2025ರ ಏಪ್ರಿಲ್ 21ರಿಂದ ಮೇ 8ರವರೆಗೆ ಬಲಿಪೂಜೆಯಲ್ಲಿ ಮತ್ತೆ ಆ ಹೆಸರಿನ ಜಾಗ ಖಾಲಿ ಇತ್ತು. ಆ ಸಲ ಅದರ ಅರ್ಥ ಎಲ್ಲರಿಗೂ ತಿಳಿದಿತ್ತು. ಈಗ ಆ ಜಾಗದಲ್ಲಿ 14ನೇ ಲಿಯೊ ಅವರ ಹೆಸರಿದೆ. 1955ರ ಸೆಪ್ಟೆಂಬರಿನಲ್ಲಿ ಹುಟ್ಟಿದವರು. ಪೀಠಕ್ಕೆ ಬಂದಾಗ 69. ಇತರ ಧರ್ಮಾಧ್ಯಕ್ಷರು ರಾಜೀನಾಮೆ ಪತ್ರ ಬರೆಯುವ ವಯಸ್ಸು ಅವರಿಗೆ 2030ರಲ್ಲಿ ಬರುತ್ತದೆ. ಇಳಿದ ಪೋಪ್ ಬಿಳಿ ತೊಡಬಾರದು, ಹಳೆಯ ಹೆಸರಿಗೆ ಮರಳಬೇಕು, ರೋಮಿನಿಂದ ದೂರ ಇರಬೇಕು ಎಂಬ ನಿಯಮ ಬರೆಯಲು ಇದಕ್ಕಿಂತ ಒಳ್ಳೆಯ ಕಾಲ ಸಿಗಲಾರದು. ಬದುಕಿರುವ ಮಾಜಿ ಪೋಪ್ ಯಾರೂ ಇಲ್ಲ, ಆದ್ದರಿಂದ ಇಂಥವರ ವಿರುದ್ಧ ಮಾಡಿದ ಕಾನೂನು ಎಂದು ಯಾರೂ ಹೇಳಲಾರರು. ಇರುವ ಪೋಪ್ ಗಟ್ಟಿಮುಟ್ಟಾಗಿದ್ದಾರೆ, ಆದ್ದರಿಂದ ಅವರನ್ನು ಇಳಿಸಲು ಮಾಡಿದ ಕಾನೂನು ಎಂಬ ಅನುಮಾನಕ್ಕೂ ಎಡೆಯಿಲ್ಲ. ರಾಜೀನಾಮೆಯೇ ಕೂಡದು ಎಂದ ಸಂಪ್ರದಾಯನಿಷ್ಠರೂ, ಅದು ಧೈರ್ಯದ ಹೆಜ್ಜೆ ಎಂದು ಮೆಚ್ಚಿದವರೂ ಕೂಡಿ ಒಂದೇ ದನಿಯಲ್ಲಿ ಕೇಳಬಹುದಾದದ್ದು ಇದೊಂದನ್ನು.